ಕೈಫೋನಿನ ನಾಳೆ: ಅದು ಯಾರ ಮಾತು ಕೇಳೀತು?

ಮಂಗಳೂರಿಗೆ ಒಂದು ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕಾದು ಕುಳಿತವರು ನಮ್ಮ ಹಿರಿಯರಲ್ಲಿ ಈಗಲೂ ಇದ್ದಾರೆ. ಅವರ ಮೊಮ್ಮಕ್ಕಳ ಜೇಬಿನಲ್ಲಿರುವ ಯಂತ್ರ ಇನ್ನು ಹತ್ತು ವರ್ಷಗಳಲ್ಲಿ ಏನಾಗಲಿದೆ ಎಂಬ ಬಗ್ಗೆ ಪೇಟೆಯಲ್ಲಿ ಬಗೆಬಗೆಯ ಮಾತುಗಳು ಕೇಳಿಬರುತ್ತಿವೆ. ಮಡಚುವ ಫೋನು, ಕನ್ನಡಕದೊಳಗಿನ ಫೋನು, 2030ರ ಸುಮಾರಿಗೆ ಬರಲಿದೆಯೆನ್ನುವ 6ಜಿ, ಇವೆಲ್ಲ ಬರಲಿ. ಆದರೆ ಗಡಿನಾಡಿನ ಕನ್ನಡ ಮನೆಗಳಿಗೆ ಅದಕ್ಕಿಂತ ಹತ್ತಿರದ ಪ್ರಶ್ನೆ ಬೇರೊಂದುಂಟು. ಮುಂದಿನ ಫೋನು ಬೆರಳಿಗಿಂತ ಹೆಚ್ಚಾಗಿ ಬಾಯಿಮಾತಿಗೆ ಓಗೊಡುವ ಯಂತ್ರ. ಅದು ಯಾರ ಬಾಯಿಮಾತು?

ಕೈಯಲ್ಲಿ ಹಿಡಿಯುವ ಫೋನಿನಿಂದ ಮೊದಲ ಕರೆ ಹೋದದ್ದು 1973ರ ಏಪ್ರಿಲ್ 3ರಂದು, ನ್ಯೂಯಾರ್ಕಿನ ಬೀದಿಯಿಂದ. ಕರೆ ಮಾಡಿದವರು ಮೋಟೊರೋಲಾ ಕಂಪೆನಿಯ ಮಾರ್ಟಿನ್ ಕೂಪರ್. ಕರೆ ಸ್ವೀಕರಿಸಿದವರು ಎದುರಾಳಿ ಸಂಸ್ಥೆಯ ಇಂಜಿನಿಯರು! ಭಾರತದಲ್ಲಿ ಮೊದಲ ಕರೆ 1995ರ ಜುಲೈ 31ರಂದು, ಕಲ್ಕತ್ತದಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರದು. ಮರುವರ್ಷ ಸೆಪ್ಟೆಂಬರಿನಲ್ಲಿ ಕೇರಳದ ಮೊದಲ ಕರೆ ಮಾಡಿದವರು ಕಡಲ ಮಕ್ಕಳ ಕತೆ ಬರೆದ ತಕಳಿ ಶಿವಶಂಕರ ಪಿಳ್ಳೆಯವರು. ಆಗಿನ ಫೋನಿಗೆ ಬರುವ ಕರೆಗೂ ದುಡ್ಡು, ಹೋಗುವ ಕರೆಗೂ ದುಡ್ಡು. ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಹೋದವರಿಗಂತೂ ರೋಮಿಂಗಿನ ಕಾಟ ಬೇರೆ. 2015ರಲ್ಲಿ ಬಿ.ಎಸ್.ಎನ್.ಎಲ್. ರೋಮಿಂಗಿನಲ್ಲಿ ಬರುವ ಕರೆಗಳನ್ನು ಉಚಿತಗೊಳಿಸಿದ ಮೇಲೆ ಆ ಗಡಿ ಜೇಬಿನ ಮಟ್ಟಿಗೆ ಸಡಿಲವಾಯಿತು. ಭಾಷೆಯ ಮಟ್ಟಿಗೆ ಮಾತ್ರ ಸಡಿಲವಾಗಲಿಲ್ಲ. ನಾವು ಕೇರಳ ವೃತ್ತದವರು. ಆದುದರಿಂದ ಯಂತ್ರದ ದನಿ ನಮ್ಮೊಡನೆ ಮಲಯಾಳದಲ್ಲೇ ಮಾತಾಡತಕ್ಕದ್ದು ಎಂಬುದು ಕಂಪೆನಿಗಳ ಲೆಕ್ಕಾಚಾರ.

ಬರವಣಿಗೆಯಲ್ಲೂ ಕನ್ನಡಕ್ಕೆ ಮೊದಲಿನಿಂದಲೇ ಕೊಂಚ ದುಬಾರಿ ತೆರಿಗೆ ಬಿದ್ದಿತ್ತು. ಎಸ್ಸೆಮ್ಮೆಸ್ ಎಂಬ ಸಂದೇಶದ ಒಂದು ತುಂಡಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಯುತ್ತದೆ, ಕನ್ನಡದವು 70 ಮಾತ್ರ. ಆ 70ರಲ್ಲೂ ಕೊಂಬು, ಇಳಿ, ಒತ್ತು ಒಂದೊಂದೂ ಬೇರೆಬೇರೆ ಲೆಕ್ಕ. 'ಕಾಸರಗೋಡು' ಎಂದರೆ ನಮ್ಮ ಕಣ್ಣಿಗೆ ಐದಕ್ಷರ, ಯಂತ್ರಕ್ಕೆ ಎಂಟು. 'ಸ್ತ್ರೀ' ಎಂಬ ಒಂದಕ್ಷರಕ್ಕೆ ಆರು! ಹೀಗಾಗಿ ನಮ್ಮ ಮಕ್ಕಳು ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯಲು ಕಲಿತರು. ಇದರಲ್ಲಿ ಅಭಿಮಾನದ ಕೊರತೆಗಿಂತ ಕಾಸಿನ ಲೆಕ್ಕವೇ ಹೆಚ್ಚಿತ್ತೆಂದು ನನ್ನ ಅಭಿಪ್ರಾಯ. ಕಾಸಿನ ಲೆಕ್ಕ ಹೋಯಿತು, ಅಭ್ಯಾಸ ಉಳಿಯಿತು.

ಇನ್ನು ಮಾತಿನ ಕಡೆ ಬರೋಣ. ಫೋನಿಗೆ ಮಾತು ತಿಳಿಯುವುದೆಂದರೆ ಮಗುವಿಗೆ ತಿಳಿದಂತಲ್ಲ. ಸಾವಿರಾರು ಗಂಟೆಗಳ ಮಾತನ್ನು ಧ್ವನಿಮುದ್ರಿಸಿ, ಅದರ ಬರಹರೂಪವನ್ನು ಜತೆಗಿಟ್ಟು, ಈ ಸದ್ದಿಗೆ ಈ ಪದ ಎಂದು ಯಂತ್ರಕ್ಕೆ ಉಣಿಸಬೇಕು. ಉಣಿಸಿದ್ದು ಬೆಂಗಳೂರಿನ ಮಾತಾದರೆ ಅದು ಬೆಂಗಳೂರಿನವರ ಮಾತನ್ನೇ ಚೆನ್ನಾಗಿ ಹಿಡಿಯುತ್ತದೆ. 2024ರ ಅಕ್ಟೋಬರಿನಲ್ಲಿ ಗೂಗಲ್ ಕಂಪೆನಿಯು ತನ್ನ ಜೆಮಿನಿ ಲೈವ್ ಎಂಬ ಮಾತಿನ ಸಹಾಯಕನನ್ನು ಕನ್ನಡಕ್ಕೂ ತರುವುದಾಗಿ ಸಾರಿತು. ಅದೇ ವರ್ಷ ಜೂನಿನಲ್ಲಿ ಅದರ ಅನುವಾದ ಯಂತ್ರಕ್ಕೆ ತುಳುವೂ ಸೇರಿತ್ತು. ಸಂತೋಷ. ಆದರೆ ಕುಂಬಳೆ, ಬದಿಯಡ್ಕದ ಕಡೆಯ ಹವ್ಯಕರ ಮನೆಯ ಅಜ್ಜಿ 'ಅಪ್ಪು' ಎಂದರೆ 'ಹೌದು' ಎಂದರ್ಥ. ಯಂತ್ರ ಅದನ್ನು ಯಾರದೋ ಹೆಸರೆಂದುಕೊಂಡರೆ ಆಶ್ಚರ್ಯವಿಲ್ಲ.

ಇದಕ್ಕಿಂತ ಕಷ್ಟದ್ದು ನಮ್ಮ ದಿನಬಳಕೆಯ ಕನ್ನಡ. "ಅಕ್ಷಯದಲ್ಲಿ ಎಂತ ಅಪೇಕ್ಷೆ ಕೊಡ್ಲಿಕ್ಕುಂಟು?" ಎಂದು ನಮ್ಮವರು ಕೇಳುತ್ತಾರೆ. ಧಾರವಾಡದವರಿಗೆ ಅಪೇಕ್ಷೆ ಎಂದರೆ ಬಯಕೆ. ನಮಗೆ, ಮಲಯಾಳದ ನೆರೆಯಿಂದಾಗಿ, ಅರ್ಜಿ. ಅಕ್ಷಯವೆಂದರೆ ಸರಕಾರದ ಸೇವಾಕೇಂದ್ರವೆಂಬುದು ಗಡಿಯಾಚೆ ಯಾರಿಗೆ ತಿಳಿದೀತು? ಮಲಯಾಳದಲ್ಲಿ 'ಸಂಸಾರ'ವೆಂದರೆ ಮಾತುಕತೆ, ಕನ್ನಡದಲ್ಲಿ ಹೆಂಡಿರುಮಕ್ಕಳು. ಎರಡು ಭಾಷೆಗಳ ನಡುವೆ ಬದುಕುವವನಿಗೆ ಇದು ತಮಾಷೆ. ಪಿಂಚಣಿಯ ವಿಷಯ ಬಾಯಲ್ಲಿ ಹೇಳಿ ಫೋನಿನಿಂದಲೇ ಫಾರಂ ತುಂಬಿಸಹೊರಟ ವಿಧವೆಗೆ ತಮಾಷೆಯಲ್ಲ.

ಇಲ್ಲಿ ಒಂದು ಒಳ್ಳೆಯ ಸುದ್ದಿಯೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲಿನ ನೆರವಿನೊಂದಿಗೆ 'ವಾಣಿ' ಎಂಬ ಯೋಜನೆಯನ್ನು ಹಮ್ಮಿಕೊಂಡಿತು. 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ಗಂಟೆಗೂ ಮಿಕ್ಕಿದ ಮಾತು ಸಂಗ್ರಹಿಸುವುದು ಅದರ ಗುರಿ. ಜನರ ಮುಂದೆ ಚಿತ್ರವಿಟ್ಟು, ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಿರೆಂದು ಕೇಳುವುದು ಕ್ರಮ. ಗಮನಿಸಬೇಕಾದ್ದೇನೆಂದರೆ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ರಾಜ್ಯವನ್ನಲ್ಲ, ಜಿಲ್ಲೆಯನ್ನು. ಕಾಸರಗೋಡು ಜಿಲ್ಲೆಯ ಮಾತೆಂದರೆ ಬರಿಯ ಮಲಯಾಳವಲ್ಲ. ಕನ್ನಡ, ತುಳು, ಬ್ಯಾರಿ, ಕೊಂಕಣಿ, ಕರಾಡ ಮರಾಠಿ ಎಲ್ಲವೂ ಹೌದು. ಇಂಥ ಸಂಗ್ರಹಕ್ಕಾಗಿ ಯಾರಾದರೂ ಬಂದು ಮೈಕು ಹಿಡಿದರೆ ನಮ್ಮವರು ನಾಚದೆ ಮನೆಮಾತಿನಲ್ಲೇ ಮಾತಾಡಬೇಕು. ಪುಸ್ತಕದ ಕನ್ನಡ ಹೇಳಿದರೆ ಯಂತ್ರಕ್ಕೆ ಹೊಸತೇನೂ ಸಿಗದು.

ಮಾತಿಗಿಂತಲೂ ಜರೂರಿನದು ಅಪಾಯದ ಸೂಚನೆ. 2023ರಲ್ಲಿ ದೇಶದ ನಾನಾ ಕಡೆ ಫೋನುಗಳು ಒಮ್ಮೆಲೇ ಕರ್ಕಶವಾಗಿ ಕೂಗಿಕೊಂಡದ್ದು ಓದುಗರಿಗೆ ನೆನಪಿರಬಹುದು. ಅದು ಸೆಲ್ ಬ್ರಾಡ್‌ಕಾಸ್ಟ್ ಎಂಬ ವ್ಯವಸ್ಥೆಯ ಪರೀಕ್ಷೆ. ಎಂಬತ್ತರ ದಶಕದಲ್ಲಿ ಹಳ್ಳಿಗಳಿಗೆ ದೂರವಾಣಿ ವಿನಿಮಯ ಕೇಂದ್ರ ರೂಪಿಸಿಕೊಟ್ಟ ಸಿ-ಡಾಟ್ ಸಂಸ್ಥೆಯೇ ಇದನ್ನೂ ಸಿದ್ಧಪಡಿಸಿದೆ. ಇದಕ್ಕೆ ಯಾರ ನಂಬರೂ ಬೇಡ. ಟವರಿನ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಒಂದೇ ಸಲ ಸಂದೇಶ ಬಿತ್ತರವಾಗುತ್ತದೆ. ಮಳೆಗಾಲದಲ್ಲಿ ಪಯಸ್ವಿನಿಯೋ ಶಿರಿಯ ಹೊಳೆಯೋ ಉಕ್ಕುವಾಗ ಇದಕ್ಕಿಂತ ವೇಗದ ಡಂಗುರ ಇನ್ನೊಂದಿಲ್ಲ.

ಆದರೆ ಡಂಗುರ ಯಾವ ಭಾಷೆಯಲ್ಲಿ? ಮೀಂಜ, ವರ್ಕಾಡಿ, ಪೈವಳಿಕೆಯ ಕನ್ನಡ ಶಾಲೆಯಲ್ಲಿ ಓದಿದ ಎಷ್ಟೋ ಹಿರಿಯರಿಗೆ ಮಲಯಾಳ ಆಡಲು ಬಂದೀತು, ಓದಲು ಬಾರದು. ತಂತ್ರಜ್ಞಾನದ ಅಡ್ಡಿಯೆಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಬಿತ್ತರಕ್ಕೆ 15 ಪುಟಗಳ ತನಕ ಅವಕಾಶವಿದೆ. ಪುಟಕ್ಕೆ 41ರಂತೆ ನಮ್ಮ ಲಿಪಿಯ 615 ಚಿಹ್ನೆ ಹಿಡಿಯುತ್ತದೆ. ಬೆಟ್ಟದ ಬುಡದಿಂದ ಏಳಿರಿ, ಇಂಥ ಶಾಲೆಗೆ ಹೋಗಿರಿ ಎನ್ನಲು ಅದು ಧಾರಾಳ ಸಾಕು. ಒಂದೇ ಎಚ್ಚರಿಕೆಯನ್ನು ಇನ್ನೊಂದು ಭಾಷೆಯಲ್ಲೂ ಕಳುಹಿಸಲು ಪ್ರತ್ಯೇಕ ಸಂಖ್ಯೆಗಳನ್ನು ಅಂತರರಾಷ್ಟ್ರೀಯ ಮಾನದಂಡದಲ್ಲೇ ಕಾದಿರಿಸಲಾಗಿದೆ. ಇನ್ನು ಫೋನಿನ ಮಾತೋ, 22 ಭಾಷೆಗಳನ್ನೂ ಓದಿಸಬಲ್ಲ ಫೋನನ್ನೇ ಮಾರಬೇಕೆಂಬ ಆದೇಶವನ್ನು ಕೇಂದ್ರ ಸರಕಾರ 2016ರಲ್ಲೇ ಹೊರಡಿಸಿದೆ. ಉಳಿಯುವುದು ಕನ್ನಡದಲ್ಲಿ ಬರೆದುಕೊಡುವ ಒಬ್ಬ ಮನುಷ್ಯ, ಬರೆಸುವ ಒಂದು ಕಚೇರಿ.

ಕೊನೆಗೆ ಆಕಾಶದ ಮಾತು. ಟವರೇ ಇಲ್ಲದೆ ಸಾಮಾನ್ಯ ಫೋನಿಗೆ ನೇರವಾಗಿ ಉಪಗ್ರಹದಿಂದ ಸಂಪರ್ಕ ಕೊಡುವ ಯತ್ನ ಈಗ ಭರದಿಂದ ನಡೆದಿದೆ. 2025ರ ಡಿಸೆಂಬರ್ 24ರಂದು ಶ್ರೀಹರಿಕೋಟದಿಂದ ನಮ್ಮ ಇಸ್ರೋದ ರಾಕೆಟ್ ಅಮೆರಿಕದ ಕಂಪೆನಿಯೊಂದರ ಬ್ಲೂಬರ್ಡ್ ಉಪಗ್ರಹವನ್ನು ಹೊತ್ತೊಯ್ದದ್ದು ಇದೇ ಕೆಲಸಕ್ಕೆ. ಅದರ ತೂಕ ಸುಮಾರು 6,100 ಕಿಲೋ. ಕೈಫೋನಿನ ಕ್ಷೀಣ ದನಿಯನ್ನು ಅಷ್ಟೆತ್ತರದಲ್ಲಿ ಹಿಡಿಯಲು ಅಂಗಳದಷ್ಟು ಅಗಲದ ಆಂಟೆನಾ ಬೇಕು. ಮಂಜೇಶ್ವರದ ಮೀನುಗಾರ ದಡ ಕಾಣದಷ್ಟು ದೂರ ಹೋದಾಗಲೂ ಮನೆಗೆ ಮಾತಾಡುವ ದಿನ ಇದರಿಂದ ಬಂದೀತು.

ಆಕಾಶದ ಟವರಿಗೆ ತಲಪಾಡಿಯೂ ಕಾಣದು, ಚಂದ್ರಗಿರಿಯೂ ಕಾಣದು. ಅದರ ಒಂದೊಂದು ಕಿರಣವೂ ಎರಡು ರಾಜ್ಯಗಳ ಮೇಲೆ ಒಟ್ಟಿಗೆ ಬಿದ್ದೀತು. ವೃತ್ತ ನೋಡಿ ಭಾಷೆ ನಿರ್ಧರಿಸುವ ಹಳೆಯ ಪದ್ಧತಿ ಅಲ್ಲಿ ನಡೆಯದು. ಫೋನು ಹಿಡಿದವನು ಯಾವ ಭಾಷೆ ಆರಿಸಿದ್ದಾನೆಂದು ನೋಡಲೇಬೇಕಾದೀತು. ಆದರೆ ಅದಕ್ಕೆ ಕಾಲ ಹಿಡಿಯುತ್ತದೆ, ಮಳೆಗಾಲ ಮಾತ್ರ ವರ್ಷ ವರ್ಷವೂ ಬರುತ್ತದೆ. ಎಚ್ಚರಿಕೆಯ ಸಂದೇಶ ಕನ್ನಡದಲ್ಲೂ ಬರಲೆಂದು ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡಲು ನಮ್ಮ ಸಂಘಗಳು ಈಗಲೇ ಹೊರಡಬಹುದು. ಆ ಅರ್ಜಿಯನ್ನು ಕನ್ನಡದಲ್ಲೇ ಬರೆಯಲು ಸಂವಿಧಾನದ 350ನೆಯ ವಿಧಿ ಹಕ್ಕು ಕೊಟ್ಟಿದೆ.