ಅಂಟುವ ಜೀನು, ದಾಟುವ ಜೀನು: ಸ್ಟ್ರೆಪ್ಟೊಕಾಕಸ್ ಬಳಗದ ಬಗೆಗಿನ ತಪ್ಪು ಕಲ್ಪನೆಗಳು

ಬ್ಯಾಕ್ಟೀರಿಯಾ ಇಬ್ಭಾಗವಾಗಿ ವೃದ್ಧಿಸುವುದರಿಂದ ತಾಯಿಕೋಶದ ಜೀನುಗಳಷ್ಟೇ ಮರಿಕೋಶಗಳಿಗೆ ಬರುತ್ತವೆ, ಹೊಸ ಗುಣ ಕಂಡರೆ ಅದು ಉತ್ಪರಿವರ್ತನೆಯ, ಅಂದರೆ ಜೀನಿನಲ್ಲಿ ಆಕಸ್ಮಿಕವಾಗಿ ಆದ ಬದಲಾವಣೆಯ, ಫಲವೇ ಆಗಿರಬೇಕು ಎಂಬ ನಂಬಿಕೆ ವ್ಯಾಪಕವಾಗಿದೆ. ಸರಪಳಿಯಂತೆ ಸಾಲುಗಟ್ಟುವ ದುಂಡು ಬ್ಯಾಕ್ಟೀರಿಯಾಗಳ ಕುಲವಾದ ಸ್ಟ್ರೆಪ್ಟೊಕಾಕಸ್‌ನ ಮಟ್ಟಿಗೆ ಇದು ಅರ್ಧ ಸತ್ಯ ಮಾತ್ರ. ಬ್ರಿಟನ್ನಿನ ಫ್ರೆಡ್ರಿಕ್ ಗ್ರಿಫಿತ್ ಅವರು ಇದೇ ಕುಲದ, ನ್ಯುಮೋನಿಯಾ ತರುವ ನ್ಯೂಮೋಕಾಕಸ್‌ನ ನಿರುಪದ್ರವಿ ತಳಿಯ ಜೀವಂತ ಕೋಶಗಳನ್ನು, ಕಾಯಿಸಿ ಕೊಂದ ಮಾರಕ ತಳಿಯ ಕೋಶಗಳೊಂದಿಗೆ ಬೆರೆಸಿ ಇಲಿಗಳಿಗೆ ಚುಚ್ಚಿದಾಗ ಇಲಿಗಳು ಸತ್ತವು. ಅವುಗಳ ರಕ್ತದಲ್ಲಿ ಮಾರಕ ತಳಿಯ ಕವಚ ತೊಟ್ಟ ಜೀವಂತ ಕೋಶಗಳು ಸಿಕ್ಕವು. ಇದು 1928ರಲ್ಲಿ ಪ್ರಕಟವಾಯಿತು. ಸತ್ತ ಕೋಶದಿಂದ ಜೀವಂತ ಕೋಶಕ್ಕೆ ದಾಟಿದ ವಸ್ತು ಡಿಎನ್‌ಎ ಎಂಬುದನ್ನು 1944ರಲ್ಲಿ ನ್ಯೂಯಾರ್ಕಿನ ಏವರಿ, ಮ್ಯಾಕ್ಲಿಯಾಡ್ ಮತ್ತು ಮೆಕಾರ್ಟಿ ತೋರಿಸಿಕೊಟ್ಟರು.

ಬಾಯಿ ಮತ್ತು ಗಂಟಲಿನಲ್ಲಿ ತೊಂದರೆ ಕೊಡದೆ ನೆಲೆಸಿರುವ ಜಾತಿಗಳಿಗೂ ರೋಗ ತರುವ ಜಾತಿಗಳಿಗೂ ಸಂಬಂಧವಿಲ್ಲ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಪೆನಿಸಿಲಿನ್‌ಗೆ ಜಗ್ಗದ ನ್ಯೂಮೋಕಾಕಸ್‌ನಲ್ಲಿ, ಕೋಶಭಿತ್ತಿ ಕಟ್ಟುವ ಕೆಲವು ಪ್ರೋಟೀನುಗಳ ಜೀನುಗಳು ನಡುನಡುವೆ ಬೇರೆ ಜಾತಿಯ ತುಂಡುಗಳನ್ನು ಸೇರಿಸಿ ಕಟ್ಟಿದಂತಿದ್ದು, ಆ ತುಂಡುಗಳಲ್ಲಿ ಹಲವು ಬಾಯಿಯ ವಾಸಿಯಾದ ಸ್ಟ್ರೆಪ್ಟೊಕಾಕಸ್ ಮೈಟಿಸ್‌ನಿಂದ ಬಂದಿವೆ. ಈ ವಿನಿಮಯಕ್ಕೆ ಸಾವಿಗಾಗಿ ಕಾಯಬೇಕಾಗಿಯೂ ಇಲ್ಲ: ಹದಿನೇಳು ಅಮೈನೋ ಆಮ್ಲಗಳ ಪುಟ್ಟ ಸಂಕೇತ ಅಣುವೊಂದು ನ್ಯೂಮೋಕಾಕಸ್ ಕೋಶಗಳನ್ನು ಡಿಎನ್‌ಎ ಸ್ವೀಕರಿಸಲು ಸಜ್ಜುಗೊಳಿಸಿದಾಗ, ಅವು ಸಜ್ಜಾಗದ ನೆರೆಯ ಬಂಧುಕೋಶಗಳನ್ನು ತಾವೇ ಒಡೆದು, ಹೊರಬಿದ್ದ ಡಿಎನ್‌ಎಯನ್ನು ಒಳಗೆಳೆದುಕೊಳ್ಳುತ್ತವೆ. ಆದರೆ ಇಡೀ ಕುಲಕ್ಕೆ ಇದೊಂದೇ ದಾರಿ ಎಂದು ಭಾವಿಸಬಾರದು. ಗಂಟಲುನೋವು ಮತ್ತು ಸಂಧಿವಾತ ಜ್ವರಕ್ಕೆ ಕಾರಣವಾದ ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್‌ನಲ್ಲಿ, ಕೆಂಪು ದದ್ದು ಏಳಿಸುವ ವಿಷದ ಜೀನುಗಳೂ ಸೇರಿದಂತೆ ಹಲವು ಜೀನುಗಳನ್ನು ಹೊತ್ತು ತರುವುದು ಬ್ಯಾಕ್ಟೀರಿಯಾಗಳಿಗೇ ತಗಲುವ ವೈರಸ್‌ಗಳು.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವುದು, ಅಂಟಿಕೊಳ್ಳುವ ಜೀನೆಂದರೆ ರೋಗದ ಜೀನು ಎಂಬ ನಂಬಿಕೆ. ಜೊಲ್ಲು ಸದಾ ಹರಿಯುವ ಬಾಯಿಯಲ್ಲಿ ಅಂಟಿಕೊಳ್ಳದ ಬ್ಯಾಕ್ಟೀರಿಯಾ ನುಂಗಿಹೋಗುವುದರಿಂದ, ಅಂಟಿಕೊಳ್ಳುವುದು ಅಲ್ಲಿ ಬದುಕಿನ ಮೊದಲ ಷರತ್ತು. ಹಲ್ಲು ಹುಳುಕಾಗಲು ಕಾರಣವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್‌ನಲ್ಲಿ ಇರುವಂತೆಯೇ, ಹಲ್ಲಿನ ಮೇಲೆ ಮೊದಲು ನೆಲೆಸುವ, ಬಾಯಿಗೆ ಬಹುಮಟ್ಟಿಗೆ ನಿರಪಾಯಕಾರಿಯಾದ ಸ್ಟ್ರೆಪ್ಟೊಕಾಕಸ್ ಗೊರ್ಡೊನಿಯೈನಲ್ಲಿಯೂ ಒಂದೇ ಮನೆತನದ ಅಂಟು ಪ್ರೋಟೀನುಗಳಿವೆ. ಅದೇ ಮನೆತನದ ಇನ್ನೊಂದು ಜೀನು, ಪಯೋಜೆನಿಸ್‌ನ ಎಂ28 ಎಂಬ ಬಗೆಯಲ್ಲಿ, ಸುಮಾರು 37 ಸಾವಿರ ಬೇಸ್ ಜೋಡಿಗಳ ಡಿಎನ್‌ಎ ಖಂಡದೊಳಗೆ ಕುಳಿತಿದೆ. ಸ್ತ್ರೀಯರ ಜನನಾಂಗದಲ್ಲಿ ನೆಲೆಸುವ ಗುಂಪು ಬಿ ಸ್ಟ್ರೆಪ್ಟೊಕಾಕಸ್‌ನಲ್ಲಿಯೂ ಇದಕ್ಕೆ ಬಹಳ ಹತ್ತಿರದ ಖಂಡವಿದೆ. ಬಾಣಂತಿಯರ ನಂಜಿನಲ್ಲಿ ಎಂ28 ಬಗೆ ಪದೇ ಪದೇ ಕಾಣಿಸುವುದಕ್ಕೆ ಈ ಖಂಡದ ಪ್ರೋಟೀನುಗಳು ನೆರವಾಗಿರಬಹುದೆಂಬ ಊಹೆಗೆ ಬಲವಿದೆ. ಹೀಗಾಗಿ ಒಂದು ಅಂಟು ಜೀನು ಅಪಾಯಕಾರಿಯೇ ಎಂಬುದನ್ನು ಅದು ಯಾವ ಕೋಶದಲ್ಲಿದೆ, ಆ ಕೋಶ ದೇಹದ ಯಾವ ಭಾಗದಲ್ಲಿದೆ ಎಂಬುದನ್ನು ಬಿಟ್ಟು ಹೇಳಲಾಗದು.

ಅಂಟಿಸುವುದೆಂದು ತಿಳಿದ ಪ್ರೋಟೀನು ನಿಜಕ್ಕೂ ಆ ಕೆಲಸ ಮಾಡುತ್ತದೆಂಬ ಖಾತರಿಯೂ ಇಲ್ಲ. ನ್ಯೂಮೋಕಾಕಸ್‌ನ ಪಿಎಸ್‌ಎಎ ಪ್ರೋಟೀನು ಮತ್ತು ಬಾಯಿಯ ಜಾತಿಗಳಲ್ಲಿರುವ ಅದರ ಬಂಧುಗಳನ್ನು, ಅವುಗಳ ಜೀನು ಕೆಡಿಸಿದ ಕೋಶಗಳು ಸರಿಯಾಗಿ ಅಂಟಲಿಲ್ಲ ಎಂಬಂತಹ ಆಧಾರಗಳ ಮೇಲೆ, ಹಲವು ವರ್ಷ ಅಂಟು ಪ್ರೋಟೀನುಗಳೆಂದೇ ಎಣಿಸಲಾಗಿತ್ತು. ಪಿಎಸ್‌ಎಎ ಮ್ಯಾಂಗನೀಸನ್ನು ಕೋಶದೊಳಕ್ಕೆ ಸಾಗಿಸುವ ವ್ಯವಸ್ಥೆಯ ಭಾಗವೆಂಬುದು 1997ರಲ್ಲಿ ಗೊತ್ತಾಯಿತು. ಮರುವರ್ಷ ಬಿಡಿಸಿದ ಅದರ ಅಣುರಚನೆಯಲ್ಲಿ ಲೋಹವನ್ನು ಹಿಡಿಯುವ ತಾಣವೂ ಕಂಡಿತು. ಮ್ಯಾಂಗನೀಸ್ ಸಿಗದ ಕೋಶ ಸೊರಗಿ, ಅದರ ಮೇಲ್ಮೈಯ ಬೇರೆ ಗುಣಗಳೂ ಏರುಪೇರಾಗುವುದರಿಂದ, ಅಂಟಿನ ಕೊರತೆ ಆ ಸೊರಗಿನ ಪರಿಣಾಮವಾಗಿರುವುದೇ ಹೆಚ್ಚು ಸಂಭವನೀಯ. ಹಾಗೆಂದು ರೋಗದಲ್ಲಿ ಪಿಎಸ್‌ಎಎಯ ಮಹತ್ವ ಕುಂದುವುದಿಲ್ಲ: ಅದಿಲ್ಲದ ನ್ಯೂಮೋಕಾಕಸ್ ಇಲಿಗಳಲ್ಲಿ ರೋಗ ತರಲು ಅಸಮರ್ಥವಾಗುತ್ತದೆ, ಮತ್ತು ಸತುವಿನ ಪ್ರಮಾಣ ಹೆಚ್ಚಾದಲ್ಲಿ ಸತುವೇ ಆ ಲೋಹದ ತಾಣವನ್ನು ಆಕ್ರಮಿಸಿ ಮ್ಯಾಂಗನೀಸಿನ ಪೂರೈಕೆಯನ್ನು ತಡೆಯುತ್ತದೆ.