ಸೋಪಿನ ಗುಳ್ಳೆ ತೋರಿಸಿದ ಗುಟ್ಟು

ಗುಳ್ಳೆ! ಎಂಜಿನ್ನಿನ ತಳದಲ್ಲಿ, ಕ್ರ್ಯಾಂಕ್ ಶಾಫ್ಟು ಹೊರಗೆ ಇಣುಕುವ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ಒಂದು ಸೋಪಿನ ಗುಳ್ಳೆ ಎದ್ದಿತು. ಕಡಲೆಯಷ್ಟಾಯಿತು, ಒಡೆಯಿತು, ಅದರ ಬೆನ್ನಿಗೇ ಇನ್ನೊಂದು. ಸಿಡ್ನಿಯ ನಮ್ಮ ಗ್ಯಾರೇಜಿನ ಸಿಮೆಂಟು ನೆಲಕ್ಕೆ ಕೆನ್ನೆಯಾನಿಸಿ, ಟಾರ್ಚು ಹಿಡಿದು ನೋಡುತ್ತಿದ್ದ ನಾನು ಮನೆಮಂದಿಯನ್ನೆಲ್ಲ ಕೂಗಿ ಕರೆದೆ. ಮೂರು ವಾರ ನನ್ನನ್ನು ಕಾಡಿದ ರೋಗ ಕಣ್ಣೆದುರೇ ಉಸಿರಾಡುತ್ತಿತ್ತು!

ಅದೊಂದು ಹಳೆಯ ವಿಕ್ಟಾ ಮೋವರ್, ಹುಲ್ಲು ಕತ್ತರಿಸುವ ಟೂ-ಸ್ಟ್ರೋಕ್ ಯಂತ್ರ. ಕೌನ್ಸಿಲ್ಲಿನ ಲಾರಿ ಒಯ್ಯಲೆಂದು ಯಾರೋ ರಸ್ತೆಬದಿಗೆ ಇಟ್ಟಿದ್ದನ್ನು ಎತ್ತಿ ತಂದಿದ್ದೆ. ತಣ್ಣಗಿದ್ದಾಗ ಹೊತ್ತಿಕೊಳ್ಳುತ್ತಿತ್ತು. ಐದು ನಿಮಿಷಕ್ಕೆ ತಾನಾಗಿಯೇ ಕಿರುಚಿಕೊಂಡು ಓಡತೊಡಗುತ್ತಿತ್ತು, ಆಮೇಲೆ ಕಾದ ಕಾವಲಿಯಂತಾಗಿ ಸತ್ತುಬೀಳುತ್ತಿತ್ತು. ಬಿಸಿಯಲ್ಲಿ ಎಷ್ಟು ಹಗ್ಗ ಎಳೆದರೂ ಮೌನ. ಪ್ಲಗ್ ಬದಲಿಸಿದೆ, ಕಾರ್ಬುರೇಟರನ್ನು ಎರಡು ಸಲ ತೊಳೆದೆ. ಕೊನೆಗೆ ಮೈಸೂರಿನ ಚಿಕ್ಕಪ್ಪನಿಗೆ ಫೋನು ಹಚ್ಚಿ, ಎಂಜಿನ್ನಿನ ಪಕ್ಕ ಹಿಡಿದೆ. ಅರ್ಧ ಆಯುಷ್ಯ ಯೆಜ್ಡಿ ಬೈಕು ಓಡಿಸಿದ ಕಿವಿ ಅದು.

"ಲೋ, ಗಾಳಿ ಎಳೀತಿದೆ ಕಣೋ. ಕಾರ್ಬುರೇಟರ್ ಬಿಡು, ಕ್ರ್ಯಾಂಕ್ ಸೀಲ್ ನೋಡು."

"ಎಲ್ಲೂ ಆಯಿಲ್ ಸೋರ್ತಾ ಇಲ್ವಲ್ಲ ಚಿಕ್ಕಪ್ಪ?"

"ಸೋರೋದಲ್ವೋ, ಎಳೆಯೋದು!"

ಆ ಒಂದು ಮಾತಿಗೆ ನನ್ನ ತಲೆಯೊಳಗಿನ ಎಂಜಿನ್ನೇ ತಿರುವುಮುರುವಾಯಿತು. ಕ್ರ್ಯಾಂಕಿನ ಆಯಿಲ್ ಸೀಲ್ ಅಂದರೆ ಎಣ್ಣೆ ಹೊರಗೆ ಹೋಗದಂತೆ ತಡೆಯುವ ಬಿರಡೆ ಎಂದೇ ನಾನು ತಿಳಿದಿದ್ದೆ. ಟೂ-ಸ್ಟ್ರೋಕಿನಲ್ಲಿ ಅದರ ಕೆಲಸವೇ ಬೇರೆ! ಕಮ್ಮಾರನ ತಿದಿಯನ್ನು ನೆನಪಿಸಿಕೊಳ್ಳಿ. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್‌ಕೇಸು ತಿದಿಯಂತೆ ಉಬ್ಬಿ ಪೆಟ್ರೋಲು-ಗಾಳಿಯನ್ನು ಒಳಗೆ ಎಳೆಯುತ್ತದೆ. ಕೆಳಗಿಳಿಯುವಾಗ ಅದನ್ನೇ ಅದುಮಿ, ಪಕ್ಕದ ದಾರಿಗಳಿಂದ ಮೇಲಿನ ಸಿಲಿಂಡರಿಗೆ ತಳ್ಳುತ್ತದೆ. ಪ್ರತಿ ಸುತ್ತಿಗೂ ಒಂದು ಉಸಿರು, ನಿಮಿಷಕ್ಕೆ 3000 ಸುತ್ತೆಂದರೆ ಸೆಕೆಂಡಿಗೆ 50 ಉಸಿರು! ಈ ತಿದಿಗೆ ಎರಡು ಕಡೆ (ನನ್ನ ಮೋವರಿನಲ್ಲಿ ಮೇಲೊಂದು, ಕೆಳಗೊಂದು) ತೂತು ಇರಲೇಬೇಕು, ಶಾಫ್ಟು ಹೊರಬರಬೇಕಲ್ಲ. ಆ ಎರಡು ತೂತುಗಳನ್ನು ತಿರುಗುವ ಉಕ್ಕಿನ ಸುತ್ತ ಮುಚ್ಚಿ ಹಿಡಿದಿರುವುದು ತೆಳ್ಳನೆಯ ರಬ್ಬರಿನ ಒಂದೊಂದು ತುಟಿ. ತುಟಿ ಒಣಗಿ ಬಿರಿಯಿತೋ, ಕಾರ್ಬುರೇಟರ್ ಅಳೆದು ಕೊಡದ ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತದೆ. ಪೆಟ್ರೋಲು ಕಮ್ಮಿ, ಪೆಟ್ರೋಲಿನಲ್ಲೇ ಬೆರೆತು ಬರುವ ಎಣ್ಣೆಯೂ ಕಮ್ಮಿ. ಎಂಜಿನ್ನು ಕಿರುಚುತ್ತದೆ, ಕಾಯುತ್ತದೆ, ಹಾಗೇ ಬಿಟ್ಟರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಚಿಕ್ಕಪ್ಪನ ಯೆಜ್ಡಿಯಲ್ಲೂ ಇದೇ ಕತೆ, ಎಡಗಡೆಯ ಸೀಲ್ ಹೋದರೆ ಅಲ್ಲಿ ಗಾಳಿಯ ಬದಲು ಗೇರ್ ಆಯಿಲನ್ನೇ ಎಳೆದುಕೊಂಡು ಬಿಳಿ ಹೊಗೆ ಬಿಡುತ್ತಿತ್ತಂತೆ. ಯೆಜ್ಡಿ ಕಟ್ಟುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಅಲ್ಲಿನ ಬೈಕುಗಳು ಕಲಿಸಿದ ಪಾಠ ಒಂಬತ್ತು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದಾಟಿ ನನ್ನ ಗ್ಯಾರೇಜಿಗೆ ಬಂದಿತ್ತು.

ಸೀಲಿನ ಪರೀಕ್ಷೆ ಎಷ್ಟು ಸರಳ! ಗಾಳಿ ಬರುವ ಬಾಯಿಗೂ ಹೊಗೆ ಹೋಗುವ ಬಾಯಿಗೂ ರಬ್ಬರ್ ಬಿಗಿದು, ಸೈಕಲ್ ಪಂಪಿನಿಂದ 5–6 ಪಿಎಸ್‌ಐ ಗಾಳಿ ತುಂಬಿ, ಸೀಲುಗಳ ಸುತ್ತ ಸೋಪಿನ ನೀರು ಬಳಿಯುವುದು. ಮೇಲಿನ ಸೀಲ್ ಸುಮ್ಮನಿತ್ತು. ಕೆಳಗಿನದು ಗುಳ್ಳೆ ಊದಿತು.

ಕೆಳಗಿನದೇ ಏಕೆ? ಇದಕ್ಕೆ ಉತ್ತರ ಹುಡುಕುತ್ತ ಹೋಗಿ 1952ರ ಸಿಡ್ನಿಗೆ ಬಂದು ನಿಂತೆ. ಕಾನ್‌ಕಾರ್ಡ್ ಬಡಾವಣೆಯ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ ತಮ್ಮ ಗ್ಯಾರೇಜಿನಲ್ಲಿ ಗುಜರಿ ಸಾಮಾನು ಜೋಡಿಸಿ ಮೊದಲ ಮೋವರ್ ಕಟ್ಟಿದರು. ಪೆಟ್ರೋಲ್ ಟ್ಯಾಂಕಿಗೆ ಪೀಚ್ ಹಣ್ಣಿನ ಖಾಲಿ ಡಬ್ಬಿ! ವಿಲಿಯರ್ಸ್ ಎಂಬ ಇಂಗ್ಲಿಷ್ ಟೂ-ಸ್ಟ್ರೋಕ್ ಎಂಜಿನ್ನನ್ನು ಅವರು ಪಕ್ಕಕ್ಕೆ ಮಲಗಿಸಿಬಿಟ್ಟರು. ಅಡ್ಡಲಾಗಿದ್ದ ಶಾಫ್ಟು ನೆಟ್ಟಗೆ ನಿಂತಿತು, ಅದರ ತುದಿಗೆ ಬ್ಲೇಡು. ತಳದಲ್ಲಿ ಎಣ್ಣೆಯ ತೊಟ್ಟಿ ಇರುವ ಫೋರ್-ಸ್ಟ್ರೋಕನ್ನು ಹೀಗೆ ಸುಮ್ಮನೆ ಮಲಗಿಸಲಾಗದು. ಟೂ-ಸ್ಟ್ರೋಕಿಗೆ ತೊಟ್ಟಿಯೇ ಇಲ್ಲ, ಎಣ್ಣೆ ಉಸಿರಿನ ಜೊತೆಗೇ ಬರುತ್ತದೆ! ತಮ್ಮ ಹೆಸರಿನ 'ವಿಕ್ಟರ್' ತಿರುಚಿ 'ವಿಕ್ಟಾ' ಎಂದು ಕರೆದರು. 2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಮೋವರುಗಳ ಸಾಲೇ ಮೈದಾನಕ್ಕಿಳಿಯುವಷ್ಟು ಈ ಯಂತ್ರ ಇಲ್ಲಿನ ಜನಕ್ಕೆ ಮನೆಯದಾಯಿತು. ಆದರೆ ಶಾಫ್ಟು ನೆಟ್ಟಗೆ ನಿಂತ ಗಳಿಗೆಯಿಂದ ಕೆಳಗಿನ ಸೀಲ್ ಮುಖ ಮಾಡಿರುವುದು ಸೀದಾ ಹುಲ್ಲಿನ ರಸ, ಮಣ್ಣು, ದೂಳಿನ ಬಿರುಗಾಳಿಗೆ.

ಬ್ಲೇಡಿನ ತಟ್ಟೆ ಬಿಚ್ಚಿದೆ. ಸೀಲಿನ ತಗಡಿನ ಮೈಗೆ ಸಣ್ಣ ತೂತು ಕೊರೆದು (ಚೂರು ಬೇರಿಂಗಿಗೆ ಬೀಳದಂತೆ ಡ್ರಿಲ್ಲಿನ ಮೂತಿಗೆ ಗ್ರೀಸ್ ಮೆತ್ತಿದ್ದೆ), ಸ್ಕ್ರೂ ಹಾಕಿ, ಇಕ್ಕಳದಿಂದ ಎಳೆದೆ. ಹೊರಬಂತು. ಶಾಫ್ಟು ಒರೆಸಿ ಉಗುರು ಆಡಿಸಿದರೆ, ಉಗುರು ಸಿಕ್ಕಿಕೊಂಡಿತು. ಉಕ್ಕಿನ ಮೇಲೆ ಕೂದಲೆಳೆಯಷ್ಟು ಗೀರು, ಸುತ್ತಲೂ! ರಬ್ಬರು ಉಕ್ಕನ್ನು ಕೊರೆದಿತ್ತು! ರಬ್ಬರಿನಲ್ಲಿ ಹುದುಗಿದ ದೂಳು ಮಾಡುವ ಕೆಲಸವಂತೆ ಇದು. ಲೆಕ್ಕ ಹಾಕಿ ನೋಡಿ. ಶಾಫ್ಟು 20 ಮಿ.ಮೀ. ದಪ್ಪ ಅಂದುಕೊಂಡರೂ, ನಿಮಿಷಕ್ಕೆ 3000 ಸುತ್ತಿನಲ್ಲಿ ಗಂಟೆಗೆ 11 ಕಿಲೋಮೀಟರಿಗೂ ಹೆಚ್ಚು ಉಕ್ಕು ಆ ತುಟಿಯ ಕೆಳಗೆ ಜಾರುತ್ತದೆ. ಒಂದೂವರೆ ಗಂಟೆ ಹುಲ್ಲು ಕತ್ತರಿಸಿದರೆ ತುಟಿ ಮೈಸೂರಿನಿಂದ ಶ್ರೀರಂಗಪಟ್ಟಣ ಮುಟ್ಟಿರುತ್ತದೆ!

ಇಷ್ಟಾದರೂ ಅದು ಸುಟ್ಟುಹೋಗುವುದಿಲ್ಲವೇಕೆ? ಇಲ್ಲಿ ನಾನು ನಿಜಕ್ಕೂ ಬೆರಗಾದೆ. ಒಳ್ಳೆಯ ಸೀಲ್ ಶಾಫ್ಟನ್ನು ಒಣಒಣವಾಗಿ ಉಜ್ಜುವುದೇ ಇಲ್ಲ. ನಡುವೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಎಣ್ಣೆಯ ಪೊರೆ, ತುಟಿ ಅದರ ಮೇಲೆ ತೇಲುತ್ತಿರುತ್ತದೆ. ತುಟಿಯ ಒಳಮುಖ ಕಡಿದಾದ ಇಳಿಜಾರು, ಹೊರಮುಖ ಹಗುರವಾದ ಇಳಿಜಾರು. ಇಷ್ಟೇ ವ್ಯತ್ಯಾಸಕ್ಕೆ, ಶಾಫ್ಟು ತಿರುಗುತ್ತಿದ್ದಂತೆ ತುಟಿ ಎಣ್ಣೆಯನ್ನು ಹೊರಗಿನಿಂದ ಒಳಕ್ಕೆ ಸೆಳೆಯುತ್ತದೆ. ಹೊರಗಡೆ ಒಂದು ಹನಿ ಎಣ್ಣೆಯಿಟ್ಟರೆ ಹೀರಿ ಒಳಗೆ ಕಳಿಸುತ್ತದೆ! ಇದು ಬಿರಡೆಯಲ್ಲ, ಪಂಪು. ತಿರುವುಮುರುವು ಕೂರಿಸಿದರೆ ಅದೇ ಪಂಪು ಹೊರಕ್ಕೆ ತಳ್ಳುತ್ತದೆ. ಅದಕ್ಕೇ ತುಟಿಯನ್ನು ಬಿಗಿಹಿಡಿಯುವ ಸ್ಪ್ರಿಂಗ್ ಕಾಣುವ ಮುಖ ಒಳಗಡೆಗೇ ಇರಬೇಕು.

ಈ ತುಟಿ ಹುಟ್ಟಿದ್ದೂ ಚರ್ಮ ಹದಮಾಡುವವರ ಕೈಯಲ್ಲಿ! ಜರ್ಮನಿಯ ವೈನ್‌ಹೈಮಿನ ಫ್ರಾಯ್ಡೆನ್‌ಬರ್ಗ್ ಮೊದಲಿಗೆ ಚರ್ಮದ ಕಾರ್ಖಾನೆ. 1930ರ ದಶಕದಲ್ಲಿ ವಾಲ್ಟರ್ ಸಿಮ್ಮರ್ ಎಂಬ ಎಂಜಿನಿಯರರ ಹೆಸರು ಹೊತ್ತ 'ಸಿಮ್ಮರಿಂಗ್' ಅಲ್ಲಿಂದ ಬಂತು. ಆಗ ತುಟಿ ತೊಗಲಿನದು, ಎಣ್ಣೆಗೆ ಜಗ್ಗದ ಕೃತಕ ರಬ್ಬರು ಬಂದದ್ದು ಆಮೇಲೆ. ತಿದಿಯೂ ತೊಗಲಿನದೇ, ಅದರ ಬಾಯಿ ಮುಚ್ಚುವ ತುಟಿಯೂ ತೊಗಲಿನದೇ!

ಹೊಸ ಸೀಲಿನ ತುಟಿಗೆ ಎಣ್ಣೆ ಸವರಿದೆ. ಶಾಫ್ಟಿನ ಕೀಲಿಯ ಕಚ್ಚು ತುಟಿಯನ್ನು ಸೀಳದಿರಲೆಂದು ಅದರ ಮೇಲೆ ನುಣುಪಾದ ಟೇಪು ಸುತ್ತಿದೆ. ಸೀಲಿನಷ್ಟೇ ಅಗಲದ ಸಾಕೆಟ್ ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ, ಓರೆಯಾಗದಂತೆ ತಟ್ಟಿದೆ. ಹಳೆಯ ಗೀರು ತಪ್ಪಿಸಲು ಒಂದು ಮಿಲಿಮೀಟರು ಹಿಂದೆಯೇ ನಿಲ್ಲಿಸಿದೆ, ತುಟಿಗೆ ನಯವಾದ ಹೊಸ ಉಕ್ಕು ಸಿಕ್ಕಿತು. ಮತ್ತೆ ಪಂಪು, ಮತ್ತೆ ಸೋಪು. ಕಾದೆ. ಒಂದೇ ಒಂದು ಗುಳ್ಳೆಯಿಲ್ಲ!

ಒಂದು ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಎಣ್ಣೆ ಬೆರೆಸಿ ಹಗ್ಗ ಎಳೆದೆ. ಇಡೀ ಹಿತ್ತಲು ಕತ್ತರಿಸಿ, ಕಾದ ಎಂಜಿನ್ನನ್ನು ಬೇಕೆಂದೇ ಆರಿಸಿ, ಮತ್ತೊಮ್ಮೆ ಎಳೆದೆ. ಒಂದೇ ಎಳೆತ! ಮೈಸೂರಿಗೆ ಫೋನು ಹಚ್ಚಿ ಎಂಜಿನ್ನಿನ ಪಕ್ಕ ಹಿಡಿದೆ. ತುಸು ಹೊತ್ತು ಆ ಕಡೆಯಿಂದ ಮಾತೇ ಇಲ್ಲ.

"ಆಫ್ ಮಾಡ್ಬೇಡ ಕಣೋ," ಅಂದರು ಚಿಕ್ಕಪ್ಪ. "ಇನ್ನೂ ಸ್ವಲ್ಪ ಹೊತ್ತು ಕೇಳಿಸು."