ಗಾಲ್ಫಿನ ಕುಳಿಯೂ ಗೋಲಿಯ ಕುಳಿಯೂ

ಮಧ್ಯಾಹ್ನದ ಬಿಡುವಿನ ವೇಳೆಯಲ್ಲಿ ನಮ್ಮ ಕಾಲೇಜಿನ ಹೊಂಗೆಯ ಮರದ ಕೆಳಗೆ ನಾಲ್ಕೈದು ಮಂದಿ ವಿದ್ಯಾರ್ಥಿಗಳು ಒಂದು ಮೊಬೈಲ್ ಫೋನನ್ನು ಸುತ್ತುವರಿದು ಕುಳಿತಿದ್ದರು. ಒಬ್ಬನು ಶ್ರೀರಂಗಪಟ್ಟಣದವನು, ಇನ್ನೊಬ್ಬನು ಪಾಂಡವಪುರದವನು. ಉಳಿದವರು ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವವರು. ಅವರಲ್ಲಿ ಯಾರೂ ಗಾಲ್ಫ್ ಮೈದಾನವನ್ನು ಕಣ್ಣಾರೆ ಕಂಡವರಲ್ಲ. ಆದರೆ ಅಂತರಜಾಲದಲ್ಲಿ ಆಡುವ ಗಾಲ್ಫಿನಲ್ಲಿ ಎಲ್ಲರೂ ಪಳಗಿದವರೇ. ನನ್ನನ್ನು ಕಂಡೊಡನೆ ನಾಗಮಂಗಲದ ಹುಡುಗನು ಎದ್ದು ನಿಂತು ದೂರಿಕೊಂಡನು: “ಸಾರ್, ಐನೂರು ಮೀಟರಿನ ಹೋಲನ್ನ ಸಲೀಸಾಗಿ ಮುಗಿಸ್ತೀನಿ. ನೂರಿಪ್ಪತ್ತೈದು ಮೀಟರಿಂದು ಮಾತ್ರ ಆಗೋದೇ ಇಲ್ಲ. ಈ ಆಟದಲ್ಲಿ ಏನೋ ಮೋಸ ಇದೆ ಸಾರ್.”

ದೂರವಾದುದು ಕಠಿಣ, ಹತ್ತಿರವಾದುದು ಸುಲಭ ಎಂಬುದು ನಮ್ಮ ಸಹಜವಾದ ನಂಬಿಕೆ. ಇಲ್ಲಿ ಅದು ತಲೆಕೆಳಗಾಗಿದೆ. ಇದು ಯಂತ್ರದ ಮೋಸವೋ, ನಿಸರ್ಗದ ನಿಯಮವೋ? ವಿಚಾರ ಮಾಡಿ ನೋಡೋಣ.

ಮೊದಲು ಆಟದ ಪರಿಚಯ ಅಗತ್ಯ. ಗಾಲ್ಫ್ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಲ್ಲಿಯೇ ಸ್ಥಾಪಿತವಾಯಿತು. ಶ್ರೀರಂಗಪಟ್ಟಣಕ್ಕೆ ಸುಮಾರು 15 ಕಿಲೋಮೀಟರು ದೂರದ ಮೈಸೂರಿನಲ್ಲಿಯೂ ಒಂದು ಮೈದಾನವುಂಟು. ಚೆಂಡನ್ನು ಕೋಲಿನಿಂದ ಹೊಡೆಯುತ್ತ ಹೋಗಿ ದೂರದ ಗುಂಡಿಯೊಂದರಲ್ಲಿ ಬೀಳಿಸುವುದೇ ಆಟ. ಹೊಡೆತಗಳು ಕಡಮೆಯಾದಷ್ಟೂ ಉತ್ತಮ. ಆರಂಭದ ಸ್ಥಳದಿಂದ ಗುಂಡಿಯವರೆಗಿನ ಇಡೀ ಹಾದಿಗೂ ಗುಂಡಿಗೂ ಇಂಗ್ಲಿಷಿನಲ್ಲಿ ‘ಹೋಲ್’ ಎಂದೇ ಹೆಸರು. ಗೊಂದಲವಾಗದಂತೆ ನಾವು ಹಾದಿಯನ್ನು ‘ಹೋಲ್’ ಎಂದೂ ಗುಂಡಿಯನ್ನು ‘ಕುಳಿ’ ಎಂದೂ ಕರೆಯೋಣ. ಪೂರ್ಣ ಮೈದಾನದಲ್ಲಿ ಇಂಥ 18 ಹೋಲ್‌ಗಳಿರುವುವು. ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಹಾಸಿಗೆ ‘ಗ್ರೀನ್’ ಎಂದು ಹೆಸರು.

ನುರಿತ ಆಟಗಾರನಿಗೆ ಒಂದು ಹೋಲ್ ಮುಗಿಸಲು ಎಷ್ಟು ಹೊಡೆತಗಳು ಸಾಕೋ ಅದೇ ಅದರ ‘ಪಾರ್’. ಗ್ರೀನಿನ ಮೇಲೆ ಚೆಂಡನ್ನು ಉರುಳಿಸಲು ಎರಡು ಹೊಡೆತಗಳನ್ನು ಕೊಟ್ಟು, ಗ್ರೀನನ್ನು ಮುಟ್ಟಲು ಬೇಕಾದವನ್ನು ಅದಕ್ಕೆ ಕೂಡಿಸುತ್ತಾರೆ. ಒಂದೇ ಹೊಡೆತಕ್ಕೆ ಗ್ರೀನ್ ಮುಟ್ಟುವಂತಿದ್ದರೆ ಪಾರ್ 3, ಎರಡಕ್ಕಾದರೆ 4, ಮೂರಕ್ಕಾದರೆ 5. ಹೀಗೆ ದೂರದ ಲೆಕ್ಕವು ಪಾರ್‌ನೊಳಗೆ ಆಗಲೇ ಸೇರಿಹೋಗಿದೆ. ಆದುದರಿಂದ ಹೋಲ್ ಒಂದರ ಕಾಠಿಣ್ಯವನ್ನು ದೂರವೊಂದೇ ನಿರ್ಣಯಿಸಲಾರದು. ನಿರ್ಣಯಿಸುವುದು ಬೇರೊಂದು: ಹೊಡೆತದಲ್ಲಿ ಎಷ್ಟು ತಪ್ಪಿದರೂ ಕೆಲಸ ಕೆಡದು ಎಂಬ ಮಿತಿ, ಮತ್ತು ಆ ಮಿತಿ ಮೀರಿದರೆ ತೆರಬೇಕಾದ ದಂಡ.

ಈ ಮಿತಿಯನ್ನು ಕುಳಿಯ ಬಳಿಯಿಂದಲೇ ಅಳೆಯಲು ಆರಂಭಿಸೋಣ. ಇದಕ್ಕೆ ಗಾಲ್ಫ್ ಮೈದಾನವೇ ಬೇಕೆಂದಿಲ್ಲ. ಅಂಗಳದಲ್ಲಿ ಕುಳಿ ತೋಡಿ ಗೋಲಿಯಾಡಿದ ಪ್ರತಿಯೊಬ್ಬರಿಗೂ ಒಂದು ಅನುಭವ ಉಂಟು: ಗುರಿ ನೇರವಾಗಿಯೇ ಇದ್ದರೂ ಜೋರಾಗಿ ಬಂದ ಗೋಲಿಯು ಕುಳಿಯನ್ನು ಹಾರಿ ಮುಂದೆ ಹೋಗುವುದು; ಮೆಲ್ಲನೆ ಬಂದುದು ಅಂಚನ್ನು ಸವರಿದರೂ ಒಳಕ್ಕೆ ಬೀಳುವುದು. ಏಕೆ? ಕುಳಿಯ ಮೇಲೆ ಸಾಗುವಾಗ ಚೆಂಡಿಗೆ ಆಧಾರವಿಲ್ಲ. ಗುರುತ್ವದಿಂದ ಅದು ಕೆಳಗಿಳಿಯತೊಡಗುತ್ತದೆ. ಎದುರಿನ ಅಂಚನ್ನು ತಾಗುವುದರೊಳಗಾಗಿ ಚೆಂಡಿನ ಕೇಂದ್ರವು ನೆಲದ ಮಟ್ಟಕ್ಕೆ, ಎಂದರೆ ತನ್ನ ತ್ರಿಜ್ಯದಷ್ಟು, ಇಳಿದಿದ್ದರೆ ಅದು ಒಳಗೆ ಸೆರೆಯಾಗುವುದು. ಇಳಿಯದಿದ್ದರೆ ಅಂಚಿಗೆ ತಗುಲಿ ಪುಟಿದು ಪಾರಾಗಬಹುದು.

ಗಾಲ್ಫ್ ಕುಳಿಯ ವ್ಯಾಸ 108 ಮಿಲಿಮೀಟರು. 1891ರಲ್ಲಿ ನಿಯಮವಾದ ಈ ಅಳತೆ ಇಂದಿಗೂ ಬದಲಾಗಿಲ್ಲ. ಚೆಂಡಿನ ವ್ಯಾಸ 42.67 ಮಿಲಿಮೀಟರಿಗೆ ಕಡಮೆಯಿರಕೂಡದು; ತ್ರಿಜ್ಯ ಸುಮಾರು 21.3 ಎಂದಾಯಿತು. ಅಷ್ಟು ಎತ್ತರದಿಂದ ಬೀಳಲು ಬೇಕಾದ ಕಾಲ 0.066 ಸೆಕೆಂಡು. ಆ ಅವಧಿಯಲ್ಲಿ ಚೆಂಡು ಮುಂದಕ್ಕೆ ಸಾಗಬಹುದಾದ ದೂರ 108ರಲ್ಲಿ 21.3 ಕಳೆದರೆ ಉಳಿಯುವ 86.7 ಮಿಲಿಮೀಟರು ಮಾತ್ರ. ದೂರವನ್ನು ಕಾಲದಿಂದ ಭಾಗಿಸಿದರೆ ಸೆಕೆಂಡಿಗೆ 1.31 ಮೀಟರು ಬರುತ್ತದೆ. ಕುಳಿಯ ನಡುಮಧ್ಯಕ್ಕೇ ಬಂದ ಚೆಂಡು ಕೂಡ ಇದಕ್ಕಿಂತ ವೇಗವಾಗಿದ್ದರೆ ಒಳಗೆ ಬೀಳುವ ಭರವಸೆಯಿಲ್ಲ. ಇದು ಮನುಷ್ಯನು ಆರಾಮವಾಗಿ ನಡೆಯುವ ವೇಗಕ್ಕಿಂತ ಹೆಚ್ಚೇನೂ ಅಲ್ಲ!

ಇಲ್ಲಿಂದ ಇನ್ನೊಂದು ಸ್ವಾರಸ್ಯವಾದ ವಿಷಯ ಹೊರಡುವುದು. ಮಧ್ಯದಿಂದ ಪಕ್ಕಕ್ಕೆ ಸರಿದು ಬಂದ ಚೆಂಡಿಗೆ ಕುಳಿಯ ಮೇಲಿನ ಹಾದಿಯು ಇನ್ನೂ ಚಿಕ್ಕದು. ಆದುದರಿಂದ ವೇಗ ಹೆಚ್ಚಿದಂತೆಲ್ಲ ಕುಳಿಯ ‘ಉಪಯುಕ್ತ ಅಗಲ’ ಕುಗ್ಗುತ್ತ ಹೋಗುತ್ತದೆ. ತೀರ ಮೆಲ್ಲನೆ ಬರುವ ಚೆಂಡಿಗೆ ಕುಳಿಯು ಪೂರ್ಣ 108 ಮಿಲಿಮೀಟರು ಅಗಲ. ಸ್ಥೂಲವಾಗಿ ಲೆಕ್ಕ ಹಾಕಿದರೆ, ಸೆಕೆಂಡಿಗೆ 0.65 ಮೀಟರು ವೇಗಕ್ಕೆ ಅದು 86, ಒಂದು ಮೀಟರಿಗೆ 64, 1.2 ಮೀಟರಿಗೆ ಕೇವಲ 40 ಮಿಲಿಮೀಟರು. ನೆಲದ ಕುಳಿ ಬದಲಾಗಲಿಲ್ಲ. ಆದರೂ ಅವಸರದ ಆಟಗಾರನ ಪಾಲಿಗೆ ಅದು ಕಿರಿದಾಯಿತು.

ಇನ್ನು ಇಳಿಜಾರಿನ ಪ್ರಭಾವ. ಸಮತಟ್ಟಾದ ಗ್ರೀನಿನ ಮೇಲೆ ಸೆಕೆಂಡಿಗೆ 1.83 ಮೀಟರು ವೇಗದಿಂದ ಹೊರಟ ಚೆಂಡು 3 ಮೀಟರು ಉರುಳಿ ನಿಲ್ಲುವುದೆಂದು ಇಟ್ಟುಕೊಳ್ಳೋಣ. ಅದೇ ಗ್ರೀನ್ 3 ಡಿಗ್ರಿ ಓರೆಯಾಗಿದ್ದರೆ, 3 ಮೀಟರು ದೂರದ ಕುಳಿಯನ್ನು ಮುಟ್ಟಲು ಏರಿನಲ್ಲಿ 2.35 ಮೀಟರು ವೇಗ ಬೇಕು, ಇಳಿಜಾರಿನಲ್ಲಿ 1.07 ಸಾಕು. ಇಳಿಜಾರು ಸುಲಭವೆಂದು ತೋರುವುದಲ್ಲವೆ? ಆದರೆ ಕೈತಪ್ಪಿ ಸೆಕೆಂಡಿಗೆ 0.2 ಮೀಟರಿನಷ್ಟು ವೇಗ ಹೆಚ್ಚಾಯಿತೆನ್ನಿ. ಕುಳಿ ತಪ್ಪಿದ ಚೆಂಡು ಏರಿನಲ್ಲಿ ಅರ್ಧ ಮೀಟರು ಮುಂದೆ ಹೋಗಿ ನಿಂತರೆ, ಇಳಿಜಾರಿನಲ್ಲಿ ಒಂದೂಕಾಲು ಮೀಟರು ದಾಟಿಹೋಗುವುದು. ಓರೆಯು ಸುಮಾರು ನಾಲ್ಕೂವರೆ ಡಿಗ್ರಿ ಮೀರಿದರೆ ಘರ್ಷಣೆಯು ಗುರುತ್ವಕ್ಕೆ ಸೋಲುತ್ತದೆ. ಆಗ ಚೆಂಡು ಇಳಿಜಾರು ಮುಗಿಯುವವರೆಗೂ ನಿಲ್ಲುವುದೇ ಇಲ್ಲ. ಇಷ್ಟೇ ಓರೆ ನಮ್ಮ ಕಣ್ಣಿಗೆ ಬಹುಮಟ್ಟಿಗೆ ಸಮನೆಲದಂತೆ ಕಾಣುವುದೆಂಬುದನ್ನು ಮರೆಯಕೂಡದು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಅವನನ್ನು ಕಾಡಿದ ಹೋಲ್ ಅಮೆರಿಕದ ಫ್ಲಾರಿಡಾ ಪ್ರಾಂತದ ಸಾಗ್ರಾಸ್ ಮೈದಾನದ 17ನೆಯ ಹೋಲಿನ ಮಾದರಿಯದು. ಪಾರ್ 3, ದೂರ 137 ಗಜ, ಎಂದರೆ ಸುಮಾರು 125 ಮೀಟರು. ಆದರೆ ಗ್ರೀನಿನ ಸುತ್ತಲೂ ನೀರು. ಗ್ರೀನಿನ ಉದ್ದವು ಸ್ಥೂಲವಾಗಿ 25 ಮೀಟರು ಮಾತ್ರ. ಗಾಳಿಯ ತಡೆಯನ್ನು ಬಿಟ್ಟರೆ ಹಾರುವ ಚೆಂಡಿನ ದೂರವು ವೇಗದ ವರ್ಗಕ್ಕೆ ಅನುಸಾರವಾಗಿರುವುದೆಂದು ನೀವು ಓದಿದ್ದೀರಿ. ವೇಗದಲ್ಲಿ ನೂರಕ್ಕೆ 5ರಷ್ಟು ತಪ್ಪಿದರೆ ದೂರದಲ್ಲಿ ನೂರಕ್ಕೆ 10ರಷ್ಟು, ಅಂದರೆ 12 ಮೀಟರಿಗೂ ಹೆಚ್ಚು, ವ್ಯತ್ಯಾಸ ಬೀಳುವುದು. ಮಧ್ಯಕ್ಕೆ ಗುರಿಯಿಟ್ಟ ಚೆಂಡು ನೀರಿನ ಅಂಚಿಗೆ ಬಂದುಬಿಟ್ಟಿತು. ನೀರಿಗೆ ಬಿದ್ದರೆ ಒಂದು ಹೊಡೆತದ ದಂಡ ತೆತ್ತು ಮೂರನೆಯದನ್ನು ಹೊಡೆಯಬೇಕು. ಅದು ಗ್ರೀನಿನ ಮೇಲೆ ನಿಂತು, ಮತ್ತೆರಡು ಹೊಡೆತಗಳಲ್ಲಿ ಕುಳಿ ಸೇರಿದರೂ ಲೆಕ್ಕ ಐದಕ್ಕೆ ಮುಟ್ಟುವುದು.

ಐನೂರು ಮೀಟರಿನ ಪಾರ್ 5ರಲ್ಲಿ ಮೊದಲ ಹೊಡೆತಕ್ಕೆ ದೊರೆಯುವ ಕೋನದ ಅವಕಾಶವು ಇದಕ್ಕಿಂತ ಕಡಮೆಯಿರಲೂಬಹುದು. ಆದರೆ ಅಲ್ಲಿ ಗುರಿ ತಪ್ಪಿದ ಚೆಂಡು ಪಕ್ಕದ ಎತ್ತರದ ಹುಲ್ಲಿಗೆ ಹೋಗುತ್ತದೆ, ಅಷ್ಟೆ. ತಪ್ಪನ್ನು ತಿದ್ದಿಕೊಳ್ಳಲು ಇನ್ನೂ ಎರಡು ಹೊಡೆತಗಳಿವೆ. ಉದ್ದದ ಹಾದಿಯು ಕ್ಷಮಿಸುವುದು. ಚಿಕ್ಕ ಹಾದಿಯು ಕ್ಷಮಿಸದು. ಇದೇ ರಹಸ್ಯ.

ದೂರ, ಇಳಿಜಾರು, ದಂಡ ಈ ಮೂರೂ ಒಂದೇ ಕಡೆ ಕೂಡಿದರೆ? ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಮೈದಾನದ 17ನೆಯ ಹೋಲ್ ಅಂಥದು. ‘ರೋಡ್ ಹೋಲ್’ ಎಂದು ಪ್ರಸಿದ್ಧವಾದ ಇದನ್ನು ಕಂಪ್ಯೂಟರ್ ಆಟಗಳಲ್ಲಿಯೂ ಕಾಣಬಹುದು. 2010ರ ಓಪನ್ ಪಂದ್ಯಕ್ಕಾಗಿ ಇದನ್ನು 495 ಗಜಗಳಿಗೆ ಹಿಗ್ಗಿಸಿದರು. ಪಾರ್ ಮಾತ್ರ 4. ಎರಡು ಉದ್ದನೆಯ ಹೊಡೆತಗಳೂ ಸರಿಯಾಗಬೇಕು. ಹತ್ತರಲ್ಲಿ ಏಳು ಬಾರಿ ಸರಿಯಾಗಿ ಹೊಡೆಯಬಲ್ಲವನಿಗೂ ಎರಡೂ ಸರಿಯಾಗುವುದು ನೂರರಲ್ಲಿ 49 ಬಾರಿ ಮಾತ್ರ. ಗ್ರೀನಿನ ಹಿಂದೆ ರಸ್ತೆ. ಮುಂದಿನ ಪಕ್ಕದಲ್ಲಿ ಆಳವಾದ ಮರಳಿನ ಗುಂಡಿ. 1978ರ ಓಪನ್ ಪಂದ್ಯದ ಮೂರನೆಯ ಸುತ್ತಿನಲ್ಲಿ ಜಪಾನಿನ ಟಾಮಿ ನಕಾಜಿಮ ಎರಡೇ ಹೊಡೆತಗಳಲ್ಲಿ ಗ್ರೀನನ್ನು ಸೇರಿದ್ದನು. ಅಲ್ಲಿಂದ ಅವನು ಉರುಳಿಸಿದ ಚೆಂಡು ಇಳಿಜಾರು ಹಿಡಿದು ಆ ಮರಳಿಗೆ ಬಿದ್ದಿತು. ಹೊರಬರಲು ನಾಲ್ಕು ಹೊಡೆತಗಳು ಬೇಕಾದವು. ಆ ಒಂದು ಹೋಲಿಗೆ ಒಟ್ಟು ಒಂಬತ್ತಾಯಿತು.

ಫೋನಿನೊಳಗಿನ ಗಣಕವು ಮಾಡುವುದೂ ಇದೇ ಲೆಕ್ಕವನ್ನೇ. ಅದು ಸೆಕೆಂಡನ್ನು ಅನೇಕ ಸಣ್ಣ ಭಾಗಗಳಾಗಿ ಸೀಳಿ, ಪ್ರತಿಯೊಂದರಲ್ಲಿಯೂ ಗುರುತ್ವ, ಗಾಳಿ, ಘರ್ಷಣೆಗಳನ್ನು ಕೂಡಿಸಿ ಚೆಂಡಿನ ಮುಂದಿನ ಸ್ಥಾನವನ್ನು ಕಂಡುಹಿಡಿಯುತ್ತ ಹೋಗುತ್ತದೆ. ನೆಲ ಎಷ್ಟು ನುಣುಪು, ಗಾಳಿ ಎಷ್ಟು ಬಲ ಎಂಬುದನ್ನು ಆಟ ರಚಿಸಿದವರು ನಿಗದಿಮಾಡುತ್ತಾರೆ. ಮೋಸವಿದೆಯೇ ಎಂಬ ಸಂಶಯವನ್ನು ಪರೀಕ್ಷೆಯಿಂದಲೇ ಬಗೆಹರಿಸಿಕೊಳ್ಳಬೇಕು. ಒಂದೇ ಹೋಲಿನಲ್ಲಿ ಇಪ್ಪತ್ತು ಬಾರಿ ಆಡಿ, ಚೆಂಡು ಎಡಕ್ಕೋ ಬಲಕ್ಕೋ, ಹಿಂದಕ್ಕೋ ಮುಂದಕ್ಕೋ ತಪ್ಪಿತೆಂದು ಬರೆದಿಡುವಂತೆ ಹುಡುಗನಿಗೆ ಹೇಳಿದೆನು. ವಾರದ ಮೇಲೆ ಅವನು ನೋಟ್ ಪುಸ್ತಕ ತಂದು ತೋರಿಸಿದನು. ತಪ್ಪಿದವುಗಳಲ್ಲಿ ಹೆಚ್ಚಿನವು ಗ್ರೀನನ್ನು ದಾಟಿ ಮುಂದಿನ ನೀರಿಗೆ ಬಿದ್ದಿದ್ದವು. “ನಾನೇ ಜೋರಾಗಿ ಹೊಡೀತಿದ್ದೆ ಸಾರ್” ಎಂದು ನಕ್ಕನು.

ಓದುಗರು ಮನೆಯಲ್ಲಿಯೇ ಮಾಡಿ ನೋಡಬಹುದಾದ ಪ್ರಯೋಗವೊಂದಿದೆ. ಗಟ್ಟಿನೆಲದಲ್ಲಿ 5 ಸೆಂಟಿಮೀಟರು ವ್ಯಾಸದ, ಅಂಚು ಚೂಪಾದ ಕುಳಿ ತೋಡಿ. ಅದರ ಮುಂದೆಯೇ ನುಣುಪಾದ ಹಲಗೆಯೊಂದನ್ನು ಓರೆಯಾಗಿಟ್ಟು, 16 ಮಿಲಿಮೀಟರು ವ್ಯಾಸದ ಗೋಲಿಯನ್ನು ಬೇರೆಬೇರೆ ಎತ್ತರಗಳಿಂದ ಉರುಳಬಿಡಿ. ಮೇಲಿನ ಕ್ರಮದಲ್ಲಿಯೇ ಎಣಿಸಿದರೆ ಮಿತಿಯ ವೇಗ ಸೆಕೆಂಡಿಗೆ 1.04 ಮೀಟರು, ಅದನ್ನು ಕೊಡುವ ಎತ್ತರ ಎಂಟು ಸೆಂಟಿಮೀಟರಿಗೆ ತುಸು ಕಡಮೆ. ಅದರ ಆಚೆ ಈಚೆ ಏನಾಗುವುದೆಂದು ನೋಡಿ ಬರೆದಿಡಿ.

ಟೋಕಿಯೋ ಒಲಿಂಪಿಕ್ಸ್ ಕ್ರೀಡೆಗಳು 2021ರಲ್ಲಿ ನಡೆದಾಗ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕು ದಿನಗಳ 72 ಹೋಲ್‌ಗಳನ್ನು 269 ಹೊಡೆತಗಳಲ್ಲಿ ಮುಗಿಸಿ ನಾಲ್ಕನೆಯ ಸ್ಥಾನ ಪಡೆದರು. ಕಂಚಿನ ಪದಕ ಗೆದ್ದವರ ಲೆಕ್ಕ 268. ಒಂದೇ ಒಂದು ಹೊಡೆತ! ನೂರಾರು ಮೀಟರು ಹಾರಿದ ಹೊಡೆತಕ್ಕೂ ಕುಳಿಯ ಅಂಚಿನಲ್ಲಿ ಗೇಣಷ್ಟು ಉರುಳಿಸಿದ ಹೊಡೆತಕ್ಕೂ ಎಣಿಕೆಯಲ್ಲಿ ಬೆಲೆ ಒಂದೇ.